ಬೆಳ್ಳುಳ್ಳಿ: ಮೊದಲು ಜಜ್ಜಿ, ಆಮೇಲೆ ಹತ್ತು ನಿಮಿಷ ಸುಮ್ನೆ ಬಿಡಿ

ಸುಲಿದ ಬೆಳ್ಳುಳ್ಳಿ ಎಸಳೊಂದನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಅದನ್ನೇ ಜಜ್ಜಿ, ಅಡುಗೆಮನೆ ತುಂಬ ಘಾಟು. ಆ ಘಾಟು ಮೊದಲೇ ಒಳಗೆ ಅಡಗಿ ಕೂತಿತ್ತು ಅಂದುಕೊಳ್ಳಬೇಡಿ. ಅದು ಜಜ್ಜಿದ ಮೇಲೆ ಹುಟ್ಟಿದ್ದು.

ಬೆಳ್ಳುಳ್ಳಿ ಆರೋಗ್ಯಕ್ಕೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ದಿನಕ್ಕೆ ಎಷ್ಟು ಎಸಳು ತಿನ್ನಬೇಕು ಅಂತಲೂ ಕೇಳುತ್ತಾರೆ. ಆದರೆ ಅದನ್ನು ಹೇಗೆ ಕತ್ತರಿಸಿದಿರಿ, ಕತ್ತರಿಸಿ ಎಷ್ಟು ಹೊತ್ತಿಗೆ ಒಲೆಗೆ ಹಾಕಿದಿರಿ ಅಂತ ಕೇಳುವವರು ಕಡಿಮೆ. ನನಗೆ ಕೇಳಿದರೆ ಅದೇ ಮೊದಲ ಪ್ರಶ್ನೆ. ಯಾಕೆ ಅನ್ನುವುದಕ್ಕೆ ಸ್ವಲ್ಪ ರಸಾಯನಶಾಸ್ತ್ರ ಬೇಕು. ಹೆದರಬೇಡಿ, ಒಂದೇ ಪ್ಯಾರಾ.

ಎಸಳಿನ ಜೀವಕೋಶಗಳಲ್ಲಿ ಅಲಿನ್ ಎಂಬ ಗಂಧಕದ ಸಂಯುಕ್ತ ಇರುತ್ತದೆ. ಅಲಿನೇಸ್ ಎಂಬ ಕಿಣ್ವವೂ ಇರುತ್ತದೆ. ಒಂದೇ ಮನೆಯಲ್ಲಿದ್ದರೂ ಬೇರೆ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತವರ ಹಾಗೆ ಇವೆರಡೂ ದೂರ ದೂರ. ಜಜ್ಜಿದಾಗ ನಡುವಿನ ಗೋಡೆ ಒಡೆಯುತ್ತದೆ. ಎರಡೂ ಸೇರುತ್ತವೆ, ಅಲಿಸಿನ್ ಹುಟ್ಟುತ್ತದೆ. ಕಣ್ಣು ಚುರುಗುಟ್ಟುವ ಘಾಟು, ನಾಲಿಗೆ ಮೇಲಿನ ಉರಿ ಎಲ್ಲ ಇದರದ್ದೇ. ಗಿಡಕ್ಕೆ ಇದು ಆತ್ಮರಕ್ಷಣೆ: ಗಡ್ಡೆಗೆ ಬಾಯಿ ಹಾಕಿದ ಹುಳಕ್ಕೆ ತಕ್ಷಣ ಬಿಸಿ ಮುಟ್ಟಬೇಕು. ಚೆಸ್ಟರ್ ಕವಾಲಿಟೊ ಮತ್ತು ಜಾನ್ ಹೇಸ್ ಬೈಲಿ ಎಂಬ ಅಮೆರಿಕದ ರಸಾಯನ ವಿಜ್ಞಾನಿಗಳು 1944ರಲ್ಲಿ ಅಲಿಸಿನ್ ಅನ್ನು ಬೇರ್ಪಡಿಸಿ, ಅದು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ ಅಂತ ತೋರಿಸಿದರು. ಬೆಳ್ಳುಳ್ಳಿಗೆ ಅಂಥ ಶಕ್ತಿ ಇದೆ ಅಂತ ಲೂಯಿ ಪಾಶ್ಚರ್ 1858ರಲ್ಲೇ ಗಮನಿಸಿದ್ದರು ಅಂತ ಹೇಳುವುದುಂಟು.

ಈಗ ಕೆಲಸಕ್ಕೆ ಬರೋಣ.

1. ಗಡ್ಡೆ ಆರಿಸಿ, ಗಾಳಿಯಲ್ಲಿ ಇಡಿ

ಕೈಯಲ್ಲಿ ಹಿಡಿದು ಒತ್ತಿದರೆ ಗಟ್ಟಿಯಾಗಿರಬೇಕು, ಗಾತ್ರಕ್ಕೆ ತಕ್ಕ ಭಾರ ಇರಬೇಕು. ಮೆತ್ತಗಿದ್ದರೆ, ಕಪ್ಪು ಬೂಷ್ಟು ಕಂಡರೆ ಬಿಟ್ಟುಬಿಡಿ. ಮನೆಯಲ್ಲಿ ಗಾಳಿಯಾಡುವ, ಒಣಗಿದ, ಬಿಸಿಲು ಬೀಳದ ಜಾಗ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವರಿ ಕೊಳೆಯುತ್ತದೆ. ಇಡೀ ಗಡ್ಡೆಯನ್ನು ಫ್ರಿಜ್‌ನಲ್ಲಿ ಇಡುವುದೂ ಬೇಡ, ತಂಪು ತಾಗಿದ ಗಡ್ಡೆ ಬೇಗ ಮೊಳಕೆ ಒಡೆಯುತ್ತದೆ. ಮೊಳಕೆ ಬಂತು ಅಂತ ಬಿಸಾಡಬೇಕಿಲ್ಲ. ನಡುವಿನ ಹಸಿರು ಸ್ವಲ್ಪ ಕಹಿ, ಅಷ್ಟೇ. ಅದನ್ನು ಚಾಕುವಿನ ತುದಿಯಿಂದ ಎತ್ತಿ ತೆಗೆದರೆ ಆಯಿತು.

2. ಸಿಪ್ಪೆ ಸುಲಿಯುವುದು

ಎಸಳಿನ ಮೇಲೆ ಚಾಕುವಿನ ಅಗಲ ಭಾಗ ಇಟ್ಟು ಅಂಗೈಯಿಂದ ಒಮ್ಮೆ ಗುದ್ದಿ. ಸಿಪ್ಪೆ ತಾನಾಗಿ ಬಿಡುತ್ತದೆ. ಜಾಸ್ತಿ ಎಸಳು ಇದ್ದರೆ ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ.

3. ಜಜ್ಜಿ, ಬಿಟ್ಟುಬಿಡಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಳ್ಳಿ.

ಜೀವಕೋಶ ಎಷ್ಟು ಒಡೆಯುತ್ತದೋ ಅಷ್ಟು ಅಲಿಸಿನ್. ಉದ್ದಕ್ಕೆ ತೆಳ್ಳಗೆ ಸೀಳಿದರೆ ಸೌಮ್ಯ ರುಚಿ. ಸಣ್ಣಗೆ ಹೆಚ್ಚಿದರೆ ಖಾರ ಏರುತ್ತದೆ. ಕುಟ್ಟಾಣಿಯಲ್ಲಿ ಜಜ್ಜಿದರೆ ಅಥವಾ ತುರಿದರೆ ಪೂರ್ತಿ ಘಾಟು. ಅದೇ ಎಸಳು, ಅದೇ ತೂಕ, ಆದರೆ ನಾಲಿಗೆಗೆ ಬೇರೆ ಬೇರೆ ಪದಾರ್ಥ ಅನ್ನಿಸುತ್ತದೆ.

ಜಜ್ಜಿದ ಮೇಲೆ ತಟ್ಟೆಯಲ್ಲಿ ಹತ್ತು ನಿಮಿಷ ಹಾಗೇ ಬಿಡಿ. ಕಾರಣ ಇದೆ. ಅಲಿನೇಸ್ ಕಿಣ್ವಕ್ಕೆ ಬಿಸಿ ಅಂದರೆ ಆಗುವುದಿಲ್ಲ. ಇಡೀ ಎಸಳನ್ನು ನೇರವಾಗಿ ಕುದಿಯುವ ನೀರಿಗೆ ಹಾಕಿದರೆ ಅದು ಕೆಲಸ ಶುರುಮಾಡುವ ಮುಂಚೆಯೇ ಸಾಯುತ್ತದೆ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೈಕ್ರೋವೇವ್‌ನಲ್ಲಿ 60 ಸೆಕೆಂಡ್ ಇಟ್ಟರೆ ಸಾಕು, ಈ ಕಿಣ್ವ ಕೆಲಸಕ್ಕೆ ಬಾರದಂತಾಗುತ್ತಿತ್ತು. ಮೊದಲು ಜಜ್ಜಿ 10 ನಿಮಿಷ ಬಿಟ್ಟು ಆಮೇಲೆ ಬಿಸಿ ಮಾಡಿದಾಗ ಗುಣ ಒಂದಿಷ್ಟು ಉಳಿಯಿತು. ಆ ಪ್ರಯೋಗ ನಡೆದದ್ದು ಇಲಿಗಳ ಮೇಲೆ ಅನ್ನುವುದನ್ನೂ ಹೇಳಿಬಿಡಬೇಕು. ಆದರೂ ಹತ್ತು ನಿಮಿಷ ಕಾಯುವುದಕ್ಕೆ ಖರ್ಚೇನೂ ಇಲ್ಲವಲ್ಲ. ಮೊದಲು ಬೆಳ್ಳುಳ್ಳಿ ಜಜ್ಜಿಟ್ಟು, ಆಮೇಲೆ ಉಳಿದ ತರಕಾರಿ ಹೆಚ್ಚಲು ಕೂತರೆ ಆಯಿತು.

ಹುಳಿಯೂ ಇದೇ ಕಿಣ್ವವನ್ನು ಹಾಳುಮಾಡುತ್ತದೆ. ಆದ್ದರಿಂದ ನಿಂಬೆರಸವನ್ನೋ ವಿನೆಗರ್ ಅನ್ನೋ ಜಜ್ಜುವಾಗಲೇ ಸುರಿಯಬೇಡಿ, ಹತ್ತು ನಿಮಿಷ ಆದ ಮೇಲೆ ಸೇರಿಸಿ. ಎಸಳನ್ನು ಮಾತ್ರೆಯ ಹಾಗೆ ಇಡಿಯಾಗಿ ನೀರಿನ ಜೊತೆ ನುಂಗುವವರಿಗೂ ಇದೇ ಮಾತು. ಹೊಟ್ಟೆಯೊಳಗಿನ ಆಮ್ಲ ಇನ್ನೂ ಜೋರು. ಘಾಟು ತಡೆಯಲಾಗದೆ ಹಾಗೆ ಮಾಡುತ್ತಾರೆ, ಅರ್ಥವಾಗುತ್ತದೆ. ಆದರೆ ಘಾಟೇ ಹುಟ್ಟದಂತೆ ನುಂಗಿದರೆ ಸಿಗುವ ಲಾಭವೂ ಕಡಿಮೆಯೇ.

ಹುಳಿ ಸೇರಿಸಿದಾಗ ಬೆಳ್ಳುಳ್ಳಿ ಕೆಲವೊಮ್ಮೆ ಹಸಿರು, ನೀಲಿ ಬಣ್ಣಕ್ಕೆ ತಿರುಗುವುದುಂಟು. ವಿಷವಾಯಿತೇನೋ ಅಂತ ಗಾಬರಿಯಾಗುವುದು ಸಹಜ. ಅಲ್ಲ, ಅದು ಗಂಧಕದ ಸಂಯುಕ್ತಗಳೂ ಅಮೈನೋ ಆಮ್ಲಗಳೂ ಸೇರಿ ಆಗುವ ಬಣ್ಣ. ಧೈರ್ಯವಾಗಿ ತಿನ್ನಬಹುದು.

4. ಒಲೆಯ ಮೇಲೆ

ಬೆಳ್ಳುಳ್ಳಿ ಬೇಗ ಸೀಯುತ್ತದೆ. ಅದರಲ್ಲಿ ಈರುಳ್ಳಿಯಷ್ಟು ನೀರಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಎರಡನ್ನೂ ಒಟ್ಟಿಗೆ ಎಣ್ಣೆಗೆ ಹಾಕಿದರೆ ಈರುಳ್ಳಿ ಮೆತ್ತಗಾಗುವಷ್ಟರಲ್ಲಿ ಬೆಳ್ಳುಳ್ಳಿ ಕಪ್ಪಾಗಿ ಕಹಿಯಾಗಿರುತ್ತದೆ. ಈರುಳ್ಳಿ ಬಾಡಿದ ಮೇಲೆ ಹಾಕಿ, ಉರಿ ಸಣ್ಣಗಿರಲಿ, ಹೊಂಬಣ್ಣಕ್ಕೆ ತಿರುಗುವ ಮುಂಚೆಯೇ ಮುಂದಿನ ಪದಾರ್ಥ ಸೇರಿಸಿ. ಘಾಟು ಬೇಕೇ ಬೇಕು ಅನ್ನುವವರು ಜಜ್ಜಿದ್ದರಲ್ಲಿ ಅರ್ಧವನ್ನು ಪಾತ್ರೆ ಇಳಿಸಿದ ಮೇಲೆ ಕಲಸಬಹುದು. ಅಲಿಸಿನ್ ತಾನೂ ಬಿಸಿಗೆ ಉಳಿಯುವ ಪೈಕಿ ಅಲ್ಲ, ಒಡೆದು ಬೇರೆ ಗಂಧಕದ ಸಂಯುಕ್ತಗಳಾಗುತ್ತದೆ.

ಬೆಳ್ಳುಳ್ಳಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಅನ್ನುವವರಿಗೆ ಒಂದು ಉಪಾಯ. ಅವರಿಗೆ ತೊಂದರೆ ಕೊಡುವುದು ಸಾಮಾನ್ಯವಾಗಿ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿ. ಇದು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ದಪ್ಪ ತುಂಡುಗಳನ್ನು ಎಣ್ಣೆಯಲ್ಲಿ ಮೆಲ್ಲಗೆ ಬಿಸಿ ಮಾಡಿ, ತುಂಡುಗಳನ್ನು ಪೂರ್ತಿ ತೆಗೆದುಬಿಟ್ಟು, ಆ ಎಣ್ಣೆಯಲ್ಲಿ ಅಡುಗೆ ಮಾಡಿ. ಪರಿಮಳ ಉಳಿಯುತ್ತದೆ, ಉಬ್ಬರ ಇರುವುದಿಲ್ಲ. ನೀರು ಹಾಕಿದ ಮೇಲೆ ತುಂಡು ತೆಗೆದರೆ ಪ್ರಯೋಜನವಿಲ್ಲ. ಅಷ್ಟರಲ್ಲಿ ಫ್ರಕ್ಟಾನ್ ನೀರಿಗೆ ಇಳಿದಿರುತ್ತದೆ.

5. ಎಷ್ಟು ತಿನ್ನಬೇಕು, ಏನು ನಿರೀಕ್ಷಿಸಬೇಕು

ಸಸ್ಯ ಔಷಧಿಗಳನ್ನು ಪರಿಶೀಲಿಸುತ್ತಿದ್ದ ಜರ್ಮನಿಯ ಕಮಿಷನ್ ಇ ಎಂಬ ತಜ್ಞರ ಸಮಿತಿ ದಿನಕ್ಕೆ ಸುಮಾರು 4 ಗ್ರಾಂ ಹಸಿ ಬೆಳ್ಳುಳ್ಳಿ ಅಂತ ಹೇಳಿತ್ತು. ಅಂದರೆ ಒಂದು ದೊಡ್ಡ ಎಸಳು, ಸಣ್ಣದಾದರೆ ಎರಡು. ಅದಕ್ಕಿಂತ ಜಾಸ್ತಿ ತಿಂದರೆ ಜಾಸ್ತಿ ಲಾಭ ಅಂತೇನಿಲ್ಲ, ಎದೆಯುರಿ ಮಾತ್ರ ಖಂಡಿತ ಜಾಸ್ತಿ. ಬೆಳಿಗ್ಗೆ ಖಾಲಿ ಹೊಟ್ಟೆಗೇ ತಿನ್ನಬೇಕು ಅನ್ನುವ ಹಟವೂ ಬೇಡ. ಊಟದ ಜೊತೆ ತಿಂದರೆ ಹೊಟ್ಟೆಗೆ ಹಿತ.

ಬೆಳ್ಳುಳ್ಳಿಯಲ್ಲಿ ವಿಟಮಿನ್ ಸಿ ಇದೆ, ಬಿ6 ಇದೆ, ಮ್ಯಾಂಗನೀಸ್ ಇದೆ ಅಂತ ಪಟ್ಟಿ ಕೊಡುವುದುಂಟು. ಸುಳ್ಳಲ್ಲ. 100 ಗ್ರಾಂನಲ್ಲಿ ಸುಮಾರು 31 ಮಿಲಿಗ್ರಾಂ ವಿಟಮಿನ್ ಸಿ ಇದೆ. ಆದರೆ 100 ಗ್ರಾಂ ಬೆಳ್ಳುಳ್ಳಿಯನ್ನು ಯಾರು ತಿನ್ನುತ್ತಾರೆ? ಒಂದೆರಡು ಎಸಳಿನಿಂದ ಬರುವ ವಿಟಮಿನ್ ಲೆಕ್ಕಕ್ಕೇ ಬರುವುದಿಲ್ಲ. ಇದರ ಬೆಲೆ ಇರುವುದು ಗಂಧಕದ ಸಂಯುಕ್ತಗಳಲ್ಲಿ.

ಹಾಗಾದರೆ ಲಾಭ ಏನು? ಬಿಪಿಯ ವಿಷಯದಲ್ಲಿ ಪುರಾವೆ ಸ್ವಲ್ಪ ಗಟ್ಟಿ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2008ರ ವಿಶ್ಲೇಷಣೆಯಲ್ಲಿ, ಮೊದಲೇ ಬಿಪಿ ಜಾಸ್ತಿ ಇದ್ದವರಲ್ಲಿ ಬಿಪಿಯ ಎರಡು ಅಂಕಿಗಳ ಪೈಕಿ ಮೇಲಿನದು ಸರಾಸರಿ 8 ಅಂಶದಷ್ಟು ಇಳಿದಿತ್ತು. ಬಿಪಿ ಸರಿಯಾಗಿದ್ದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಆದರೆ ಆ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಿದ್ದು ಬೆಳ್ಳುಳ್ಳಿ ಪುಡಿಯ ಮಾತ್ರೆ, ಅಡುಗೆಯ ಬೆಳ್ಳುಳ್ಳಿ ಅಲ್ಲ.

ಕೊಲೆಸ್ಟ್ರಾಲ್ ಕಥೆ ಗೋಜಲು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 192 ಜನರಿಗೆ ಆರು ತಿಂಗಳು ಹಸಿ ಬೆಳ್ಳುಳ್ಳಿಯನ್ನೋ, ಎರಡು ಬಗೆಯ ಬೆಳ್ಳುಳ್ಳಿ ಮಾತ್ರೆಗಳಲ್ಲಿ ಒಂದನ್ನೋ, ಔಷಧವೇ ಇಲ್ಲದ ಸುಳ್ಳು ಮಾತ್ರೆಯನ್ನೋ ಕೊಟ್ಟು ನೋಡಿದರು. 2007ರಲ್ಲಿ ಬಂದ ಫಲಿತಾಂಶ: ಕೆಟ್ಟ ಕೊಲೆಸ್ಟ್ರಾಲ್ ಯಾವ ಗುಂಪಿನಲ್ಲೂ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆಮೇಲೆ ಬಂದ ಕೆಲವು ವಿಶ್ಲೇಷಣೆಗಳು ಸ್ವಲ್ಪ ಇಳಿಕೆ ಇದೆ ಎಂದವು. ಇದ್ದರೂ ಅದು ಸಣ್ಣದು. ಡಾಕ್ಟರ್ ಬರೆದ ಮಾತ್ರೆ ನಿಲ್ಲಿಸಿ ಬೆಳ್ಳುಳ್ಳಿ ಹಿಡಿಯುವಷ್ಟಂತೂ ಅಲ್ಲ.

ನೆಗಡಿಗೆ? 2001ರ ಒಂದು ಪ್ರಯೋಗದಲ್ಲಿ 146 ಜನ ಇದ್ದರು. ಬೆಳ್ಳುಳ್ಳಿ ಮಾತ್ರೆ ತೆಗೆದುಕೊಂಡವರಿಗೆ 24 ಸಲ ನೆಗಡಿ ಬಂದರೆ, ಸುಳ್ಳು ಮಾತ್ರೆಯವರಿಗೆ 65 ಸಲ. ಕೇಳಲು ಚೆನ್ನಾಗಿದೆ. ಆದರೆ ಒಂದೇ ಪ್ರಯೋಗ ನಂಬಿಕೊಂಡು ತೀರ್ಮಾನ ಹೇಳಲಾಗುವುದಿಲ್ಲ ಅಂತ, ಇಂಥ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಹೇಳಿತು. ಕೋವಿಡ್ ಬಂದಾಗ ಬೆಳ್ಳುಳ್ಳಿ ತಿಂದರೆ ಸೋಂಕು ತಗಲುವುದಿಲ್ಲ ಅನ್ನುವ ಸಂದೇಶಗಳು ಓಡಾಡಿದವು, ನೆನಪಿದೆ ಅಲ್ವಾ? ಅದಕ್ಕೆ ಪುರಾವೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಬಿಡಿಸಿ ಹೇಳಬೇಕಾಯಿತು.

ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಅಲಿಸಿನ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅನ್ನುವುದು ನಿಜ. ಆದರೆ ತಿಂದ ಮೇಲೆ ಅದು ರಕ್ತದಲ್ಲಿ ಅಲಿಸಿನ್ ಆಗಿಯೇ ಓಡಾಡುವುದಿಲ್ಲ, ಬೇಗ ಬೇರೆ ರೂಪಕ್ಕೆ ಬದಲಾಗುತ್ತದೆ. ಸೋಂಕಾದಾಗ ಆಂಟಿಬಯಾಟಿಕ್ ಬದಲು ಬೆಳ್ಳುಳ್ಳಿ ಸಾಕು ಅನ್ನುವ ಮಾತಿಗೆ ಕಿವಿ ಕೊಡಬೇಡಿ.

6. ಎಣ್ಣೆಯಲ್ಲಿ ಹಾಕಿಡುವ ಮುಂಚೆ ಇದನ್ನು ಓದಿ

ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ, ಬಾಟಲಿ ಮುಚ್ಚಿ, ಕಟ್ಟೆಯ ಮೇಲೆ ವಾರಗಟ್ಟಲೆ ಇಡುವ ವಿಡಿಯೊಗಳು ಬೇಕಾದಷ್ಟಿವೆ. ದಯವಿಟ್ಟು ಹಾಗೆ ಮಾಡಬೇಡಿ. ನೆಲದಲ್ಲಿ ಬೆಳೆಯುವ ಬೆಳ್ಳುಳ್ಳಿಗೆ ಮಣ್ಣಿನಲ್ಲಿರುವ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳು ಅಂಟಿಕೊಂಡಿರಬಹುದು. ಗಾಳಿ ಇರುವಲ್ಲಿ ಅವು ಸುಮ್ಮನಿರುತ್ತವೆ. ಎಣ್ಣೆಯೊಳಗೆ ಗಾಳಿ ಇಲ್ಲ, ಹುಳಿ ಇಲ್ಲ, ಕೋಣೆಯ ಬೆಚ್ಚಗೆ ಬೇರೆ. ಅವು ಬೆಳೆದು ನರಗಳನ್ನೇ ಸ್ತಬ್ಧಗೊಳಿಸುವ ವಿಷ ಬಿಡುತ್ತವೆ. ಎಣ್ಣೆಗೆ ಕೆಟ್ಟ ವಾಸನೆ ಬರಬೇಕು ಅಂತಿಲ್ಲ, ಬಣ್ಣ ಬದಲಾಗಬೇಕು ಅಂತಲೂ ಇಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ರೆಸ್ಟೋರೆಂಟಿನಲ್ಲಿ, ಫ್ರಿಜ್‌ನಲ್ಲಿಡದ ಎಣ್ಣೆ ಬೆಳ್ಳುಳ್ಳಿ ತಿಂದ 36 ಜನ ಹೀಗೇ ಕಾಯಿಲೆ ಬಿದ್ದರು.

ಎಣ್ಣೆಯಲ್ಲಿ ಹಾಕಿದ್ದು ಬೇಕೇ ಅಂದರೆ ಸ್ವಲ್ಪವೇ ಮಾಡಿ. ತಕ್ಷಣ ಫ್ರಿಜ್‌ಗೆ ಇಡಿ, ನಾಲ್ಕು ದಿನದೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಹೆಚ್ಚು ದಿನ ಬೇಕಾದರೆ ಜಜ್ಜಿದ ಬೆಳ್ಳುಳ್ಳಿಯನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿಡುವುದೇ ಸರಿಯಾದ ದಾರಿ.

7. ಇವರು ಹುಷಾರಾಗಿರಬೇಕು

ಬೆಳ್ಳುಳ್ಳಿ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ನಿಧಾನಗೊಳಿಸುತ್ತದೆ. ವಾರ್ಫರಿನ್, ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು ಅಡುಗೆಯಲ್ಲಿ ಬಳಸುವಷ್ಟಕ್ಕೆ ಹೆದರಬೇಕಿಲ್ಲ. ಬೆಳ್ಳುಳ್ಳಿ ಮಾತ್ರೆ ಅಥವಾ ದಿನಾ ಹಸಿ ಎಸಳು ಶುರುಮಾಡುವ ಮುಂಚೆ ಮಾತ್ರ ಡಾಕ್ಟರನ್ನು ಕೇಳಿ. ಆಪರೇಷನ್ ಇದ್ದರೆ ಮಾತ್ರೆಯನ್ನು ಕನಿಷ್ಠ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಎಚ್‌ಐವಿ ಔಷಧಗಳಲ್ಲಿ ಒಂದಾದ ಸಾಕ್ವಿನಾವಿರ್‌ನ ಪ್ರಮಾಣ ಬೆಳ್ಳುಳ್ಳಿ ಮಾತ್ರೆಯಿಂದಾಗಿ ರಕ್ತದಲ್ಲಿ ಸುಮಾರು ಅರ್ಧಕ್ಕೆ ಇಳಿದ ಉದಾಹರಣೆಯೂ ಇದೆ.

ಇನ್ನು ಚರ್ಮ. ಮೊಡವೆಗೆ, ಹಲ್ಲುನೋವಿಗೆ, ಹುಳುಕಡ್ಡಿಗೆ ಜಜ್ಜಿದ ಬೆಳ್ಳುಳ್ಳಿ ಕಟ್ಟುವ ಅಭ್ಯಾಸ ನನಗಂತೂ ಸರಿ ಅನ್ನಿಸುವುದಿಲ್ಲ. ಒಂದೆರಡು ಗಂಟೆ ಹಾಗೇ ಬಿಟ್ಟರೆ ಬೆಂಕಿ ತಾಗಿದಂತೆ ಬೊಕ್ಕೆ ಏಳಬಹುದು. ಮಕ್ಕಳ ಚರ್ಮ ಇನ್ನೂ ಬೇಗ ಸುಡುತ್ತದೆ. ಕಿವಿ, ಮೂಗಿನೊಳಗೆ ಎಸಳು ತುರುಕುವುದು ಬೇಡವೇ ಬೇಡ. ಮೂಗಿಗೆ ಎಸಳಿಟ್ಟು ತೆಗೆದಾಗ ಸಿಂಬಳ ಸುರಿಯುವುದು ಕಟ್ಟಿದ್ದು ಬಿಟ್ಟಿತು ಅಂತಲ್ಲ, ಒಳಗೆ ಉರಿದು ಹೊಸದಾಗಿ ಬಂದದ್ದು. ನಾಯಿ, ಬೆಕ್ಕು ಇದ್ದರೆ ಬೆಳ್ಳುಳ್ಳಿ ಹಾಕಿದ ಅಡುಗೆ ಅವಕ್ಕೆ ಕೊಡಬೇಡಿ. ಅವುಗಳ ಕೆಂಪು ರಕ್ತಕಣಗಳು ಒಡೆಯುತ್ತವೆ.

8. ಬಾಯಿ ವಾಸನೆ

ಹಲ್ಲುಜ್ಜಿದರೂ ಹೋಗದ ವಾಸನೆಗೆ ಕಾರಣ ಅಲೈಲ್ ಮೀಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತ. ಇದು ಹೊಟ್ಟೆಯಿಂದ ರಕ್ತಕ್ಕೆ ಸೇರಿ ಉಸಿರು, ಬೆವರಿನ ಮೂಲಕ ಗಂಟೆಗಟ್ಟಲೆ ಹೊರಬರುತ್ತಿರುತ್ತದೆ. ಏಲಕ್ಕಿ, ಮಿಂಟ್ ಮಾತ್ರೆ ಚೀಪಿದರೆ ಮೇಲೆ ಇನ್ನೊಂದು ವಾಸನೆ ಬರುತ್ತದೆ, ಅಷ್ಟೇ. ಹಸಿ ಸೇಬು, ಪುದೀನಾ ಎಲೆ ಜಗಿದರೆ ನಿಜಕ್ಕೂ ಕಡಿಮೆಯಾಗುತ್ತದೆ. ಹಾಲೂ ಆಗುತ್ತದೆ. ಕೆನೆ ತೆಗೆದದ್ದಕ್ಕಿಂತ ಗಟ್ಟಿ ಹಾಲು ಮೇಲು, ಊಟವಾದ ಮೇಲೆ ಕುಡಿಯುವುದಕ್ಕಿಂತ ಊಟದ ಜೊತೆಗೇ ಕುಡಿಯುವುದು ಮೇಲು. ಮರುದಿನ ಬೆಳಿಗ್ಗೆ ಇಂಟರ್‌ವ್ಯೂ ಇದೆ ಅನ್ನುವವರು ಹಿಂದಿನ ರಾತ್ರಿ ಮೂರನೇ ಹೆಜ್ಜೆಯನ್ನು ತಲೆಕೆಳಗು ಮಾಡಿ: ಎಸಳನ್ನು ಜಜ್ಜದೆ ಇಡಿಯಾಗಿ ಬೇಯಿಸಿ. ಘಾಟು ಹುಟ್ಟುವುದೇ ಕಡಿಮೆ, ರುಚಿಯೂ ಸಿಹಿ ಸಿಹಿಯಾಗಿರುತ್ತದೆ.