ಸೂಜಿಗೊಂದು ಮಣಿ: ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಕೊನೆಗೂ ನೆಲೆನಿಂತ ಲೆಕ್ಕ

ಮಣಿ ಕೊಟ್ಟರೆ ಮಗು ಸೂಜಿಗೆ ಕೈ ಚಾಚುತ್ತದೆಯೇ ಎಂದು ನಕ್ಕವರೇ ಈಗ ಮಣಿ ಖಾಲಿಯಾಯಿತೆಂದು ಫೋನ್ ಮಾಡುತ್ತಾರೆ. ಸೂಜಿ ಚುಚ್ಚಿದಾಗೆಲ್ಲ ಮಗುವಿಗೊಂದು ಬಣ್ಣದ ಮಣಿ, ಅವನ್ನು ಪೋಣಿಸಿ ಒಂದು ಸರ. ಮೂಲ ಐಡಿಯಾ ನಮ್ಮದಲ್ಲ, ಅಮೆರಿಕದ ‘ಬೀಡ್ಸ್ ಆಫ್ ಕರೇಜ್’ ಸಂಸ್ಥೆಯವರದು. ಬೆಂಗಳೂರಿನ ಜನರಲ್ ವಾರ್ಡಿಗೆ ಅದನ್ನು ಒಗ್ಗಿಸಲು ಎರಡು ವರ್ಷ ಹಿಡಿಯಿತು, ಕೈಯಿಂದ ಸುಮಾರು 18,000 ರೂಪಾಯಿ ಹೋಯಿತು.

ಅದರಲ್ಲಿ ಮೊದಲ ಆರು ಸಾವಿರ ಹೊಳೆಯಲ್ಲಿ ಹುಣಸೆಹಣ್ಣು ತೇದ ಹಾಗೆ. ಚನ್ನಪಟ್ಟಣದ ಅರಗಿನ ಮಣಿ ತಂದೆವು. ಬಣ್ಣ ಚೆಂದ, ಹಗುರ, ನಮ್ಮ ನಾಡಿನದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ವಾರ್ಡಿನಲ್ಲಿ ಎಲ್ಲರ ಕೈಯಲ್ಲೂ ಹ್ಯಾಂಡ್‌ರಬ್, ಅಂದರೆ ಕೈಗೆ ಉಜ್ಜುವ ಸ್ಪಿರಿಟ್. ಎರಡೇ ದಿನಕ್ಕೆ ಮಣಿ ಅಂಟಂಟು, ಮಗುವಿನ ಬೆರಳೆಲ್ಲ ಕೆಂಪು, ರಕ್ತವೆಂದು ಸಿಸ್ಟರ್ ಓಡಿಬಂದರು. ಅಕ್ರಿಲಿಕ್ ತಂದರೆ ಅದೂ ಸ್ಪಿರಿಟ್‌ಗೆ ಸೀಳುಬಿಟ್ಟಿತು. ಗಾಜೇ ಸರಿ: 10 ಮಿ.ಮೀ., ಚಿಕ್ಕಪೇಟೆಯಲ್ಲಿ ಸಗಟಿಗೆ ಕೊಂಡಾಗ ಮಣಿಗೆ ಒಂದು ರೂಪಾಯಿಯ ಆಸುಪಾಸು ಬಿತ್ತು. ಹತ್ತಿ ದಾರ ಕೊಳೆ ಹೀರುತ್ತದೆ, ಬೇಡ. ನೈಲಾನ್ ದಾರದ ಗಂಟು ಜಾರುತ್ತದೆ, ಎರಡು ಗಂಟು ಹಾಕಿ ತುದಿ ಸುಟ್ಟುಕೊಳ್ಳಿ. ಮನೆಯಲ್ಲೇ ಸುಟ್ಟು ತನ್ನಿ, ಆಕ್ಸಿಜನ್ ಇರುವ ವಾರ್ಡಿನಲ್ಲಿ ಲೈಟರ್ ತೆಗೆಯಬಾರದು. ಸರ ಕುತ್ತಿಗೆಗೆ ಅಲ್ಲ, ಡ್ರಿಪ್ ಸ್ಟ್ಯಾಂಡಿಗೆ. ಮೂರು ವರ್ಷದೊಳಗಿನವರ ಸರ ತಾಯಿಯ ಚೀಲದಲ್ಲಿರಲಿ, ನುಂಗಿಬಿಡುತ್ತವೆ.

ಬಣ್ಣದ ಲೆಕ್ಕ ಸರಳ: ಕೈ ಸೂಜಿಗೆ ಹಳದಿ, ಬೆನ್ನಿನ ಇಂಜೆಕ್ಷನ್‌ಗೆ ನೀಲಿ, ರಕ್ತ ಹಾಕಿದರೆ ಕೆಂಪು, ಕೌಂಟ್ (ಬಿಳಿ ರಕ್ತಕಣಗಳ ಸಂಖ್ಯೆ) ಬಿದ್ದು ಒಬ್ಬಂಟಿಯಾಗಿ ಇರಿಸಿದ ದಿನಕ್ಕೆ ಬಿಳಿ. ನಾವು ಎಡವಿದ್ದು ಬೇರೆ ಕಡೆ. ಅಳದವರಿಗೆ ಮಾತ್ರ ಮಣಿ ಎಂದಿದ್ದೆವು. ಅತ್ತ ಮಕ್ಕಳು ಸರವನ್ನೇ ಎಸೆದವು. ಮಣಿ ಬಹುಮಾನವಲ್ಲ, ರಸೀದಿ. ಅತ್ತರೂ, ಒದ್ದರೂ, ಚುಚ್ಚಿಸಿಕೊಂಡದ್ದಕ್ಕೆ ಸಲ್ಲಬೇಕು. ಚುಚ್ಚಿದ ಸಿಸ್ಟರೇ, ಹತ್ತಿ ಒತ್ತಿದ ಕೈಯಿಂದಲೇ ಕೊಡಬೇಕು. ಮಧ್ಯಾಹ್ನ ಸ್ವಯಂಸೇವಕರು ಬಂದು ಹಂಚಿದ್ದು ಒಂದೂ ಫಲಿಸಲಿಲ್ಲ.

ಬರೀ ಮಣಿಯಿಂದ ಆಗದು, ಸೂಜಿಯ ಹೊತ್ತನ್ನೂ ತಿದ್ದಬೇಕು. ಡಾಕ್ಟರ್ ಬರೆದುಕೊಟ್ಟರೆ ಮರಗಟ್ಟಿಸುವ ಕ್ರೀಮನ್ನು ಒಂದು ಗಂಟೆ ಮೊದಲೇ ಹಚ್ಚಿ ಮೇಲೆ ಪ್ಲಾಸ್ಟಿಕ್ ಅಂಟಿಸಿ. ಇಪ್ಪತ್ತು ನಿಮಿಷಕ್ಕೇ ಚುಚ್ಚಿ ‘ಕೆಲಸ ಮಾಡಲ್ಲ ಇದು’ ಎನ್ನುವವರೇ ಹೆಚ್ಚು. ಸೋಪಿನ ಗುಳ್ಳೆ ಊದಿಸುವುದನ್ನು ಸ್ಪಿರಿಟ್ ಹತ್ತಿ ತಾಗುವ ಮುಂಚೆಯೇ ಶುರುಮಾಡಿ, ಅಳು ಹತ್ತಿದ ಮೇಲೆ ಊದಲು ಉಸಿರಿರುವುದಿಲ್ಲ. ಗುಳ್ಳೆಯ ನೀರಿಗೆ ಬೇಬಿ ಶಾಂಪೂ ಒಂದು ಪಾಲು, ಕುದಿಸಿ ಆರಿಸಿದ ನೀರು ನಾಲ್ಕು ಪಾಲು, ನಾಲ್ಕು ಹನಿ ಗ್ಲಿಸರಿನ್. ಮಗುವಿಗೊಂದು ಬಾಟಲಿ, ಸಂಜೆಗೆ ಚೆಲ್ಲಿ. ನಿಂತ ಸೋಪಿನ ನೀರಿನಲ್ಲೂ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ) ಇದ್ದ ಕಡೆಗೆ ಊದಿಸಬೇಡಿ. ತಾಯಂದಿರು ‘ನೋಯಲ್ಲ ಕಂದಾ’ ಅನ್ನದಂತೆ ತಡೆಯುವುದೇ ಎಲ್ಲಕ್ಕಿಂತ ಕಷ್ಟ. ಒಮ್ಮೆ ಹೇಳಿದರೆ ಮಗು ಮುಂದಿನ ಸಲ ಅವರನ್ನೂ ನಂಬದು. ‘ಚುರ್ ಅನ್ನುತ್ತೆ, ಹತ್ತು ಎಣಿಸೋಣ’ ಸಾಕು. ಆಟದ ಚಾಪೆಯ ಮೇಲೆ ಸೂಜಿ ಇಲ್ಲ. ಈ ನಿಯಮಕ್ಕಾಗಿ ಡಾಕ್ಟರುಗಳ ಜೊತೆ ಜಗಳವಾಡಿದ್ದೇವೆ, ಗೆದ್ದಿದ್ದೇವೆ. ಮೊದಲು ನಾಲ್ಕು ಜನ ಅದುಮಿ ಹಿಡಿಯುತ್ತಿದ್ದ ಮಕ್ಕಳಲ್ಲಿ ಮುಕ್ಕಾಲು ಪಾಲು ಈಗ ತಾಯಿಯ ತೊಡೆಯ ಮೇಲೆ ಕೂತೇ ಚುಚ್ಚಿಸಿಕೊಳ್ಳುತ್ತವೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಲ್ಯಾವೆಂಡರ್ ಎಣ್ಣೆಗೆ 900 ರೂಪಾಯಿ ಕೊಟ್ಟೆವು. ಕೀಮೋ ದಿನ ಹಚ್ಚಿದ ವಾಸನೆಗೆ ಆಮೇಲೆ ಔಷಧಿ ಇಲ್ಲದೆಯೂ ವಾಂತಿ. ಊಟವೂ ಹಾಗೇ: ಆ ದಿನ ಇಷ್ಟದ ತಿಂಡಿ ಕೊಟ್ಟರೆ ದೋಸೆಯನ್ನೇ ದ್ವೇಷಿಸುತ್ತವೆ. ಅದರ ಬದಲು ಎಂದೂ ತಿನ್ನದ ರುಚಿಯ ಒಂದು ಪೆಪ್ಪರ್‌ಮಿಂಟ್ ಕೊಡಿ, ಅಸಹ್ಯವೆಲ್ಲ ಅದರ ತಲೆಗೆ ಹೋಗಲಿ. ವಾಕರಿಕೆಗೆ ಮಣಿಕಟ್ಟಿನ ಗೆರೆಯಿಂದ ಮಗುವಿನದೇ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ ಒತ್ತುವುದು ಕೆಲವರಿಗೆ ಹಿಡಿಸಿತು. ಅದು ವಾಂತಿ ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ಎಲ್ಲೂ ಒತ್ತುವುದಿಲ್ಲ, ಪಾದದ ಮೇಲೆ ಬರೀ ಅಂಗೈ ಇಡುವುದು. ಊರಿಂದ ಬರುವ ಕಷಾಯಕ್ಕೆ ಬೈದರೆ ಬಚ್ಚಿಟ್ಟು ಕುಡಿಸುತ್ತಾರೆ. ಬೈಯದೆ ಬಾಟಲಿ ಇಸಿದುಕೊಂಡು ಡಾಕ್ಟರಿಗೆ ತೋರಿಸಿ.

ಗೆದ್ದ ಇನ್ನೊಂದು ಆಟ ಅಳಗುಳಿಮಣೆ. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿಯಿಂದ ಜೋಮು ಹಿಡಿದ ಬೆರಳುಗಳಿಗೆ ಕಾಯಿ ಹೆಕ್ಕುವುದಕ್ಕಿಂತ ಒಳ್ಳೆಯ ವ್ಯಾಯಾಮ ನಮಗೆ ಸಿಕ್ಕಿಲ್ಲ. ಹುಣಸೆ ಬೀಜಕ್ಕೆ ಬೂಸು ಹಿಡಿಯುತ್ತದೆ, ಗುಲಗಂಜಿ ವಿಷ. ಅದಕ್ಕೂ ಇದೇ ಗಾಜಿನ ಮಣಿ, ಮರದ ಮಣೆಯ ಬದಲು ಸ್ಟೀಲಿನ ಇಡ್ಲಿ ತಟ್ಟೆ. ಕುದಿಯುವ ನೀರಿಗೆ ಹಾಕಿ ತೆಗೆದರಾಯಿತು. ಗುಳಿಗಳ ಸಂಖ್ಯೆ ಸಾಲದಿದ್ದರೆ ಎರಡು ತಟ್ಟೆ ಹೇಗೆ ಜೋಡಿಸಬೇಕೆಂಬುದು ಬಂದು ನೋಡಿದವರಿಗೆ ಮಾತ್ರ.