ಸಕ್ಕರೆ ಕಮ್ಮಿ ಮಾಡಿಯೂ ರುಚಿ ಕೆಡದ ಫಿಲ್ಟರ್ ಕಾಫಿ

ಕಾಫಿ ಬಿಟ್ಟುಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಾವು ದಿನಾ ಕುಡಿಯುವ ಲೋಟದಲ್ಲಿ ಹೆಚ್ಚು ತೊಂದರೆ ಕೊಡುವುದು ಸಕ್ಕರೆ. ಅದು ಅಷ್ಟು ಯಾಕೆ ಬೇಕಾಗುತ್ತದೆ? ಡಿಕಾಕ್ಷನ್ ಕಹಿ ಇರುವುದರಿಂದ. ನಮ್ಮ ಅತ್ತೆಗೆ ಶುಗರ್ ಬಂದ ಮೇಲೆ ನಾನು ಮೊದಲು ಸರಿ ಮಾಡಿದ್ದು ಡಿಕಾಕ್ಷನ್ನು. ಎರಡು ಚಮಚ ಸಕ್ಕರೆ ಕೇಳುತ್ತಿದ್ದವರು ಈಗ ಅರ್ಧ ಚಮಚಕ್ಕೇ ಸಾಕು ಅನ್ನುತ್ತಾರೆ.

ಬೀಜ ಹುರಿದು ಎದುರಿಗೇ ಪುಡಿ ಮಾಡಿಕೊಡುವ ಅಂಗಡಿಗೆ ಹೋಗಿ. "ಅರೇಬಿಕಾ ಜಾಸ್ತಿ ಇರಲಿ, ತುಂಬಾ ಕಪ್ಪಗೆ ಹುರಿದದ್ದು ಬೇಡ, ಚಿಕೋರಿ ನೂರಕ್ಕೆ ಹತ್ತು ಸಾಕು" ಅಂತ ಕೇಳಿ. ಅರೇಬಿಕಾ, ರೋಬಸ್ಟಾ ಅಂದರೆ ಕಾಫಿ ಬೀಜದ ಎರಡು ಜಾತಿ. ಅರೇಬಿಕಾದಲ್ಲಿ ಕೆಫೀನ್ ರೋಬಸ್ಟಾದ ಹೆಚ್ಚುಕಮ್ಮಿ ಅರ್ಧ, ಕಹಿಯೂ ಕಮ್ಮಿ. ಚಿಕೋರಿ ಅಂದರೆ ಹುರಿದ ಬೇರು. ಅದರಲ್ಲಿ ಕೆಫೀನ್ ಇಲ್ಲ ನಿಜ, ಆದರೆ ಜಾಸ್ತಿಯಾದರೆ ಅದರದೇ ಕಹಿ ಸೇರುತ್ತದೆ. ಪ್ಯಾಕೆಟ್ ಪುಡಿಯಾದರೆ ಹಿಂಬದಿ ಓದಿ, ಚಿಕೋರಿ 49% ತನಕ ಇರಬಹುದು. ಒಂದೇ ಸಲ ಕಾಲು ಕೆ.ಜಿ.ಗಿಂತ ಜಾಸ್ತಿ ತರಬೇಡಿ, ಘಮ ಹೋಗುತ್ತದೆ.

ಇನ್ನು ಡಿಕಾಕ್ಷನ್. ಇಲ್ಲಿ ಅವಸರ ಬೇಡ. ಫಿಲ್ಟರ್‌ನ ಮೇಲಿನ ಭಾಗಕ್ಕೆ 3 ದೊಡ್ಡ ಚಮಚ ತುಂಬಾ ಪುಡಿ ಹಾಕಿ, ಅಲ್ಲಾಡಿಸಿ ಸಮ ಮಾಡಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಅರ್ಧ ನಿಮಿಷ ಬಿಡಿ. ಕೊತಕೊತ ಕುದಿಯುವ ನೀರು ಸುರಿದರೆ ಕಹಿ ಜಾಸ್ತಿ ಇಳಿಯುತ್ತದೆ. ಮೊದಲು ಪುಡಿ ನೆನೆಯುವಷ್ಟು ನೀರು ಮಾತ್ರ ಹಾಕಿ. ಪುಡಿ ಹೊಸದಾಗಿದ್ದರೆ ಮೆಲ್ಲಗೆ ಉಬ್ಬಿ, ಸಣ್ಣ ಸಣ್ಣ ಗುಳ್ಳೆ ಏಳುತ್ತದೆ, ಘಮ ಪಡಸಾಲೆಗೆ ಬರುತ್ತದೆ. ಆಗ ತೂತಿನ ಬಿಲ್ಲೆ ಇಟ್ಟು, ಅದುಮದೆ, ಉಳಿದ ನೀರು ಸುರಿಯಿರಿ. ಒಟ್ಟು 150 ಎಂ.ಎಲ್. ಸಾಕು. ಮುಚ್ಚಿಟ್ಟು 20 ನಿಮಿಷ ಬಿಡಿ. ಬೇಗ ಇಳಿಯಲಿ ಅಂತ ಸುಮ್ನೆ ತಟ್ಟಬೇಡಿ. ಅದೇ ಪುಡಿಗೆ ಮತ್ತೆ ನೀರು ಹಾಕಿ ಎರಡನೇ ಡಿಕಾಕ್ಷನ್ ತೆಗೆಯುವುದನ್ನು ನಾನಂತೂ ಒಪ್ಪುವುದಿಲ್ಲ. ಅದರಲ್ಲಿ ಬರುವುದು ಬರೀ ಕಹಿ. ಆರಿದ ಡಿಕಾಕ್ಷನ್ನನ್ನು ಒಲೆ ಮೇಲೆ ಇಡದೆ, ಅದಕ್ಕೆ ಬಿಸಿ ಹಾಲು ಬೆರೆಸಿ.

ಹಾಲಿಗೆ ನಂದಿನಿ ನೀಲಿ ಪ್ಯಾಕೆಟ್ ಸಾಕು, ಕೊಬ್ಬು 3% ಇರುತ್ತದೆ. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದರೆ ನೊರೆ ಬಂದು ಗಟ್ಟಿ ಹಾಲಿನಂತೆಯೇ ಬಾಯಿಗೆ ಹತ್ತುತ್ತದೆ. ಸಕ್ಕರೆಯನ್ನು ವಾರಕ್ಕೆ ಕಾಲು ಚಮಚದಂತೆ ಇಳಿಸಿ, ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಬೆಲ್ಲ ಹಾಕಿದರೆ ಪರವಾಗಿಲ್ಲ ಅಲ್ವಾ ಅಂತ ಕೇಳುತ್ತಾರೆ. ಶುಗರ್ ಇರುವವರಿಗೆ ಬೆಲ್ಲವೂ ಸಕ್ಕರೆಯೇ.

ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇಡಿ. 2024ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಹೇಳಿದ್ದೂ ಅದೇ. ಊಟದ ಜೊತೆ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ರಕ್ತ ಕಮ್ಮಿ ಇರುವ ಹೆಣ್ಣುಮಕ್ಕಳು ಇದನ್ನು ಮರೆಯಲೇಬಾರದು. ನಿದ್ದೆ ಬಾರದವರು ಮಧ್ಯಾಹ್ನದ ಕಾಫಿಗೇ ನಿಲ್ಲಿಸಿ.

ಕೊಲೆಸ್ಟ್ರಾಲ್ ಇರುವವರಿಗೆ ಇನ್ನೊಂದು ಮಾತು. ಕಾಫಿ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಸ್ಟೀಲ್ ಫಿಲ್ಟರ್ ಅದನ್ನು ಪೂರ್ತಿ ತಡೆಯುವುದಿಲ್ಲ, ಕಾಗದ ಬಹುಪಾಲು ತಡೆಯುತ್ತದೆ. ಕಾಫಿ ಸೋಸುವ ಕಾಗದವನ್ನು ಗುಂಡಗೆ ಕತ್ತರಿಸಿ, ಪುಡಿ ಹಾಕುವ ಮೊದಲು ಫಿಲ್ಟರ್ ತಳಕ್ಕೆ ಹಾಸಿ. ಇಳಿಯುವುದು ನಿಧಾನ, ನೀರು ಹಾಕಿಟ್ಟು ಸ್ನಾನ ಮುಗಿಸಿಕೊಂಡು ಬನ್ನಿ.