ಆದಿಕಾಂಡದಿಂದ ಕ್ರಿ.ಪೂ. 4004ರವರೆಗೆ: ಭೂಮಿಯ ವಯಸ್ಸಿನ ಲೆಕ್ಕವನ್ನು ನೀವೇ ಹಾಕಿ ನೋಡುವ ಬಗೆ

ಭೂಮಿಗೆ ಆರು ಸಾವಿರ ವರ್ಷ ಎಂಬ ಮಾತು ಬೈಬಲಿನ ಯಾವ ವಚನದಲ್ಲೂ ಇಲ್ಲ. ಅದು ಬೇರೆ ಬೇರೆ ಅಧ್ಯಾಯಗಳ ಸಂಖ್ಯೆಗಳನ್ನು ಕೂಡಿದಾಗ ಬರುವ ಮೊತ್ತ. ಕೂಡುವಾಗ ಕಡಿಮೆ ಎಂದರೂ ಐದು ಕಡೆ "ಇಲ್ಲಿ ಹೀಗೆ ಓದೋಣ" ಎಂದು ತೀರ್ಮಾನಿಸಲೇಬೇಕಾಗುತ್ತದೆ. ಕ್ರೈಸ್ತರ ನಡುವೆ ಸೃಷ್ಟಿ, ವಿಕಾಸವಾದದ ಬಗ್ಗೆ ಇರುವ ಭಿನ್ನಾಭಿಪ್ರಾಯಗಳಲ್ಲಿ ಬಹುಪಾಲು ಹುಟ್ಟುವುದು ಇದೇ ಕವಲುಗಳಲ್ಲಿ. ಹಾಗಾಗಿ ಯೌವನಸ್ಥರ ಕೂಟದಲ್ಲಿ ಈ ವಿಷಯ ಎತ್ತಿಕೊಳ್ಳುವವರು ಭಾಷಣದಿಂದ ಶುರುಮಾಡುವುದು ಬೇಡ. ಎಲ್ಲರ ಕೈಗೂ ಪೆನ್ಸಿಲ್ ಕೊಟ್ಟು ಲೆಕ್ಕ ಹಾಕಿಸಿ.

ಬೇಕಾಗುವುದು ಇಷ್ಟೆ: ತಲೆಗೊಂದು ಸತ್ಯವೇದ, ಗೆರೆ ಹಾಕಿದ ಹಾಳೆ, ಒಂದೂವರೆ ಗಂಟೆಯ ಎರಡು ಬೈಠಕ್. ಹಾಳೆಯಲ್ಲಿ ನಾಲ್ಕು ಅಂಕಣ ಎಳೆಸಿ: ಹೆಸರು, ಮಗ ಹುಟ್ಟಿದಾಗಿನ ವಯಸ್ಸು, ಸೃಷ್ಟಿಯಿಂದ ಕೂಡುತ್ತಾ ಬಂದ ಮೊತ್ತ, ಸತ್ತ ವರ್ಷ. ನಾಲ್ಕನೆಯ ಅಂಕಣ ಬೇಡವೆಂದು ಬಿಡುವವರೇ ಹೆಚ್ಚು. ಆದರೆ ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡುವುದಕ್ಕೆ ಇರುವುದು ಅದೊಂದೇ.

ಮೊದಲ ಹಂತ: ಆದಾಮನಿಂದ ಜಲಪ್ರಳಯ

ಆದಿಕಾಂಡ 5 ತೆರೆಯಿರಿ. ಒಬ್ಬೊಬ್ಬನಿಗೂ ಮೂರು ಸಂಖ್ಯೆ ಇವೆ: ಮಗ ಹುಟ್ಟಿದಾಗಿನ ವಯಸ್ಸು, ಆಮೇಲೆ ಬದುಕಿದ ವರ್ಷ, ಒಟ್ಟು ಆಯಸ್ಸು. ಕೂಡಬೇಕಾದದ್ದು ಮೊದಲನೆಯದನ್ನು ಮಾತ್ರ. ಮಕ್ಕಳು ಸಾಮಾನ್ಯವಾಗಿ ಒಟ್ಟು ಆಯಸ್ಸನ್ನೇ ಕೂಡಿಬಿಡುತ್ತಾರೆ. ಆಗ ಅಪ್ಪ, ಮಗ ಒಟ್ಟಿಗೆ ಬದುಕಿದ ಕಾಲವೆಲ್ಲ ಎರಡೆರಡು ಸಲ ಲೆಕ್ಕಕ್ಕೆ ಸೇರಿ ಮೊತ್ತ ಎಲ್ಲೋ ಹೋಗುತ್ತದೆ.

ಆದಾಮ 130, ಸೇತ 105, ಎನೋಷ 90, ಕೇನಾನ 70, ಮಹಲಲೇಲ 65, ಯೆರೆದ 162, ಹನೋಕ 65, ಮೆತೂಷೆಲಹ 187, ಲೆಮೆಕ 182. ಇಲ್ಲಿಗೆ 1056, ಅದು ನೋಹ ಹುಟ್ಟಿದ ವರ್ಷ. ಜಲಪ್ರಳಯ ಬಂದಾಗ ಅವನಿಗೆ 600 (ಆದಿಕಾಂಡ 7:6). ಅಲ್ಲಿಗೆ 1656.

ಈಗ ನಾಲ್ಕನೆಯ ಅಂಕಣಕ್ಕೆ ಬನ್ನಿ. ಮೆತೂಷೆಲಹ ಹುಟ್ಟಿದ್ದು 687ರಲ್ಲಿ, ಬದುಕಿದ್ದು 969 ವರ್ಷ. ಸತ್ತದ್ದು 1656ರಲ್ಲಿ, ಪ್ರಳಯದ ವರ್ಷವೇ. ನಿಮ್ಮ ಹಾಳೆಯಲ್ಲಿ ಅವನು ಪ್ರಳಯ ಕಳೆದ ಮೇಲೂ ಬದುಕಿದ್ದರೆ ಎಲ್ಲೋ ಕೂಡುವಲ್ಲಿ ತಪ್ಪಿದೆ.

ಇದೇ ಪರೀಕ್ಷೆಯನ್ನು ಹಳೆಯ ಪಾಠಗಳ, ಅಂದರೆ ಗ್ರಂಥ ನಮಗೆ ಉಳಿದು ಬಂದಿರುವ ಬೇರೆ ಬೇರೆ ರೂಪಗಳ ಮೇಲೂ ಮಾಡಿ ನೋಡಬೇಕು, ವಿಷಯ ಸ್ವಾರಸ್ಯಕರವಾಗುವುದು ಅಲ್ಲೇ. ನಮ್ಮ ಕನ್ನಡ ಬೈಬಲು ಹೀಬ್ರೂ ಪಾಠದ ಸಂಖ್ಯೆಗಳನ್ನು ಅನುಸರಿಸುತ್ತದೆ. ಕ್ರಿಸ್ತನಿಗಿಂತ ಮೊದಲೇ ಆದ ಗ್ರೀಕ್ ಅನುವಾದ ಸೆಪ್ಟುಅಜಿಂಟ್‌ನಲ್ಲಿ ಆದಾಮನಿಗೆ 230, ಸೇತನಿಗೆ 205, ಎನೋಷನಿಗೆ 190. ಹೀಗೆ ಹಲವರಿಗೆ ನೂರು ನೂರು ವರ್ಷ ಹೆಚ್ಚು, ಪ್ರಳಯ 2262ಕ್ಕೆ ಹೋಗುತ್ತದೆ. ಅದರ ಕೆಲವು ಹಸ್ತಪ್ರತಿಗಳಲ್ಲಿ ಮೆತೂಷೆಲಹನ ಸಂಖ್ಯೆ 187ರ ಬದಲು 167. ಅದನ್ನು ಹಿಡಿದರೆ ಪ್ರಳಯ 2242ರಲ್ಲಿ, ಅವನು ಸಾಯುವುದು 2256ರಲ್ಲಿ, ಪ್ರಳಯ ಮುಗಿದು 14 ವರ್ಷದ ಮೇಲೆ, ನಾವೆಯೊಳಗೆ ಇರದೆಯೇ. ಐದನೇ ಶತಮಾನದಲ್ಲಿ ಸಂತ ಅಗಸ್ಟೀನ್ ಈ ತೊಡಕನ್ನು ಚರ್ಚಿಸಿ, ನಕಲು ಮಾಡಿದವರ ಕೈತಪ್ಪು ಇರಬೇಕೆಂಬ ಕಡೆಗೆ ವಾಲಿದರು. ಸಮಾರ್ಯರ ಪಂಚಗ್ರಂಥದಲ್ಲಿ (ಬೈಬಲಿನ ಮೊದಲ ಐದು ಪುಸ್ತಕಗಳ ಅವರ ಪಾಠ) ಯೆರೆದ 62, ಮೆತೂಷೆಲಹ 67, ಲೆಮೆಕ 53. ಪ್ರಳಯ 1307ರಲ್ಲಿ. ಆ ಪಾಠ ಕೊಡುವ ಆಯಸ್ಸುಗಳನ್ನು ಸೇರಿಸಿದರೆ (847, 720, 653) ಮೂವರೂ ಸರಿಯಾಗಿ ಅದೇ 1307ರಲ್ಲಿ ಸಾಯುತ್ತಾರೆ. ಹಾಳೆಯ ಮೇಲೆ ಇದನ್ನು ಕಣ್ಣಾರೆ ಕಂಡವರು "ಬೈಬಲಿನ ಲೆಕ್ಕ" ಎಂದು ಏಕವಚನದಲ್ಲಿ ಹೇಳುವ ಮುಂಚೆ "ಯಾವ ಪಾಠ?" ಎಂದು ಕೇಳುತ್ತಾರೆ. ಇದು ಮೊದಲ ಕವಲು.

ಎರಡನೇ ಹಂತ: ಪ್ರಳಯದಿಂದ ಅಬ್ರಾಮ

ಆದಿಕಾಂಡ 11:10ರಿಂದ ಮುಂದುವರಿಸಿ. ಇಲ್ಲೊಂದು ಎಡವುಗಲ್ಲಿದೆ. ನೋಹನಿಗೆ 500 ಆದಾಗ ಶೇಮ್, ಹಾಮ್, ಯೆಫೆತರು ಹುಟ್ಟಿದರೆಂದು 5:32 ಹೇಳುತ್ತದೆ. ಶೇಮನಿಗೆ 100 ಆದಾಗ ಅರ್ಪಕ್ಷದ ಹುಟ್ಟಿದನೆಂದು 11:10 ಹೇಳುತ್ತದೆ. 500ಕ್ಕೆ 100 ಕೂಡಿದರೆ ಅರ್ಪಕ್ಷದ ಪ್ರಳಯದ ವರ್ಷವೇ ಹುಟ್ಟಬೇಕು. ಆದರೆ ಅದೇ ವಚನ "ಪ್ರಳಯವಾಗಿ ಎರಡು ವರ್ಷದ ಮೇಲೆ" ಎನ್ನುತ್ತದೆ. ಮೂವರು ಮಕ್ಕಳಿಗೂ ಸೇರಿ ಒಂದೇ ವಯಸ್ಸು ಹೇಳಿರುವ ಕಡೆ ಅದು ಮೊದಲ ಮಗುವಿನದು ಮಾತ್ರ ಎಂದು ಓದುವುದು ರೂಢಿ. ಆದ್ದರಿಂದ 1656ಕ್ಕೆ 2 ಸೇರಿಸಿ.

ಆಮೇಲೆ ಅರ್ಪಕ್ಷದ 35, ಶೆಲಹ 30, ಏಬೆರ 34, ಪೆಲೆಗ 30, ರೆಗೂ 32, ಸೆರೂಗ 30, ನಾಹೋರ 29, ತೆರಹ 70. ಒಟ್ಟು 1948.

ಇಲ್ಲೇ ನಿಲ್ಲಿಸುವುದು ಯೆಹೂದ್ಯರ ಪಂಚಾಂಗ. ಇನ್ನೂ 60 ವರ್ಷ ಸೇರಿಸುವುದು ಹಲವು ಕ್ರೈಸ್ತ ಲೆಕ್ಕಗಳು. ಕಾರಣ ಹೀಗಿದೆ: ತೆರಹನು 205ನೇ ವಯಸ್ಸಿನಲ್ಲಿ ಖಾರಾನಿನಲ್ಲಿ ಸತ್ತ (11:32), ಅಬ್ರಾಮ ಖಾರಾನ್ ಬಿಟ್ಟಾಗ 75 (12:4), ತಂದೆ ಸತ್ತ ಮೇಲೆಯೇ ಅವನು ಬಿಟ್ಟದ್ದೆಂದು ಸ್ತೆಫನ ಹೇಳುತ್ತಾನೆ (ಅಪೊಸ್ತಲರ ಕೃತ್ಯಗಳು 7:4). 205ರಿಂದ 75 ಕಳೆದರೆ ಅಬ್ರಾಮ ಹುಟ್ಟಿದಾಗ ತೆರಹನಿಗೆ 130. ತೆರಹನಿಗೂ ಮೂವರು ಮಕ್ಕಳಿದ್ದು, 70 ಎಂಬುದು ಹಿರಿಯನದು ಎಂದಿಟ್ಟುಕೊಂಡರೆ ಅಬ್ರಾಮ ಹುಟ್ಟಿದ್ದು 2008ರಲ್ಲಿ.

ಮೂರನೇ ಹಂತ: ಐಗುಪ್ತ, ದೇವಾಲಯ, ಅರಸರು

2008ಕ್ಕೆ 75 ಕೂಡಿ 2083. ಮುಂದೆ 430 ವರ್ಷ ಎಲ್ಲಿಂದ ಎಣಿಸಬೇಕು ಎಂಬುದು ಇನ್ನೊಂದು ಕವಲು. ಇಸ್ರಾಯೇಲ್ಯರು ಐಗುಪ್ತದಲ್ಲಿದ್ದದ್ದೇ 430 ವರ್ಷ ಎಂಬಂತೆ ವಿಮೋಚನಕಾಂಡ 12:40 ಓದಿಸುತ್ತದೆ. ವಾಗ್ದಾನದಿಂದ ಧರ್ಮಶಾಸ್ತ್ರದವರೆಗೆ 430 ಎನ್ನುವುದು ಗಲಾತ್ಯ 3:17. ಮೊದಲನೆಯದನ್ನು ಹಿಡಿದರೆ ಖಾರಾನ್ ಬಿಟ್ಟಾಗಿನಿಂದ ಇಸಾಕ ಹುಟ್ಟುವವರೆಗೆ 25, ಯಾಕೋಬ ಹುಟ್ಟುವವರೆಗೆ 60, ಯಾಕೋಬ ಐಗುಪ್ತಕ್ಕೆ ಇಳಿಯುವವರೆಗೆ 130, ಒಟ್ಟು 215 ವರ್ಷ ಹೆಚ್ಚಾಗಿ ಸೇರುತ್ತದೆ. ಐರ್ಲೆಂಡಿನ ಅರ್ಮಾ ನಗರದ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಎರಡನೆಯದನ್ನು ಹಿಡಿದರು. ಐಗುಪ್ತದಿಂದ ಬಿಡುಗಡೆ 2513ರಲ್ಲಿ.

1 ಅರಸುಗಳು 6:1ರ ಪ್ರಕಾರ ದೇವಾಲಯದ ಕೆಲಸ ಶುರುವಾದದ್ದು ಆ ಬಿಡುಗಡೆಯಿಂದ 480ನೇ ವರ್ಷದಲ್ಲಿ. ನೆನಪಿಡಿ, 480ನೇ ವರ್ಷ ಎಂದರೆ ತುಂಬಿರುವುದು 479. ಹಾಗಾಗಿ 2992.

ಅರಸರ ಕಾಲ ಬಂತೆಂದರೆ ಬರಿಯ ಕೂಡಿಕೆ ಸಾಲದು. ಇದನ್ನು ಮಾಡಿಸಿ ತೋರಿಸಿ: ಯೇಹು ಒಂದೇ ದಂಗೆಯಲ್ಲಿ ಇಸ್ರಾಯೇಲಿನ ಯೋರಾಮ, ಯೆಹೂದದ ಅಹಜ್ಯ ಇಬ್ಬರನ್ನೂ ಕೊಂದ. ಆದ್ದರಿಂದ ರಾಜ್ಯ ಒಡೆದಾಗಿನಿಂದ ಅಲ್ಲಿಯವರೆಗೆ ಎರಡೂ ಕಡೆಯ ಮೊತ್ತ ಸಮವಿರಬೇಕು. ಯೆಹೂದದ ಕಡೆ 17, 3, 41, 25, 8, 1 ಸೇರಿ 95. ಇಸ್ರಾಯೇಲಿನ ಕಡೆ 22, 2, 24, 2, 12, 22, 2, 12 ಸೇರಿ 98, ಜಿಮ್ರಿಯ ಏಳು ದಿನ ಬೇರೆ. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ. ಪಟ್ಟಕ್ಕೆ ಬಂದ ಅರ್ಧಂಬರ್ಧ ವರ್ಷವನ್ನು ಒಂದು ರಾಜ್ಯ ಪೂರ್ತಿ ವರ್ಷವೆಂದು ಎಣಿಸಿ ಇನ್ನೊಂದು ಎಣಿಸದೆ ಬಿಟ್ಟರೆ ಹೀಗಾಗುತ್ತದೆ. ತಂದೆ, ಮಗ ಜೊತೆಯಾಗಿ ಆಳಿದ ವರ್ಷಗಳೂ ಇಮ್ಮಡಿಯಾಗುತ್ತವೆ. ಅಷರ್ ರಾಜ್ಯ ಒಡೆದದ್ದನ್ನು ಕ್ರಿ.ಪೂ. 975ಕ್ಕೆ ಇಟ್ಟರೆ, ಈಗಿನ ಅನೇಕ ವಿದ್ವಾಂಸರು ಕ್ರಿ.ಪೂ. 930ರ ಆಸುಪಾಸಿಗೆ ಇಡುತ್ತಾರೆ.

ಕೊನೆಗೆ ಬೈಬಲಿನ ಸರಪಳಿಯನ್ನು ಹೊರಗಿನ ಇತಿಹಾಸದ ಗೂಟಕ್ಕೆ ಕಟ್ಟಬೇಕು. ಇಲ್ಲದಿದ್ದರೆ ಕ್ರಿ.ಪೂ. ಎಂಬುದೇ ಸಿಗುವುದಿಲ್ಲ. ಅಷರ್ ಹಿಡಿದ ಗೂಟ ಬಾಬೆಲಿನ ನೆಬೂಕದ್ನೆಚ್ಚರ ಸತ್ತ ಕ್ರಿ.ಪೂ. 562. ಅದು ಸೆರೆಯಲ್ಲಿದ್ದ ಯೆಹೋಯಾಖೀನನ ಬಿಡುಗಡೆಗೆ ಹೊಂದಿಕೊಳ್ಳುತ್ತದೆ (2 ಅರಸುಗಳು 25:27). ಅಲ್ಲಿಂದ ಹಿಂದಕ್ಕೆ ಎಣಿಸಿ 1650ರಲ್ಲಿ ಅವರು ಪ್ರಕಟಿಸಿದ ಉತ್ತರ: ಕ್ರಿ.ಪೂ. 4004, ಅಕ್ಟೋಬರ್ 23ರ ಹಿಂದಿನ ಸಂಜೆ. 1701ರಿಂದ ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಇಸವಿಗಳು ಅಚ್ಚಾಗತೊಡಗಿದವು. ಅಂಚಿನ ಟಿಪ್ಪಣಿಯನ್ನು ಜನ ವಚನದಂತೆ ನಂಬಿದ್ದು ಹೀಗೆ. ಯೆಹೂದ್ಯರ ಲೆಕ್ಕ ಕ್ರಿ.ಪೂ. 3761ಕ್ಕೆ ಬರುತ್ತದೆ, ಗ್ರೀಕ್ ಪಾಠ ಹಿಡಿದ ಬೈಜಾಂಟಿಯಮ್ ಸಭೆಯ ಲೆಕ್ಕ ಕ್ರಿ.ಪೂ. 5509ಕ್ಕೆ. ಇಂದಿಗೆ ಎಷ್ಟಾಯಿತೆಂದು ನೋಡುವಾಗ ಒಂದು ಕಳೆಯಿರಿ, ಸೊನ್ನೆ ಇಸವಿ ಎಂಬುದಿಲ್ಲ. ಅಷರ್ ಪ್ರಕಾರ ಆರು ಸಾವಿರ ತುಂಬಿದ್ದು 1997ರಲ್ಲಿ.

ನಾಲ್ಕನೇ ಹಂತ: ಮೊತ್ತವನ್ನು ಏನು ಮಾಡುವುದು

ಎರಡನೇ ಬೈಠಕ್ ಇದಕ್ಕೆ. ಸಂಖ್ಯೆಯೂ ದಿನವೂ ಅಕ್ಷರಶಃ ಎಂದು ಓದುವವರು ಎಳೆ ಭೂಮಿಯ ಪಕ್ಷ. 1961ರ ನಂತರ ಅಮೆರಿಕದಲ್ಲಿ ಹೊಸದಾಗಿ ಬಲಗೊಂಡ ನಿಲುವಿದು. ಅವರ ಗಟ್ಟಿ ಆಧಾರ ವಂಶಾವಳಿಗಿಂತ ಹೆಚ್ಚಾಗಿ ವಿಮೋಚನಕಾಂಡ 20:11, ಸಬ್ಬತ್ತಿನ ಆಜ್ಞೆ ಆರು ದಿನದ ಕೆಲಸದ ಮೇಲೆ ನಿಂತಿದೆ ಎಂಬುದು. ಅವರೊಡನೆ ಮಾತಾಡುವವರು ಈ ವಚನಕ್ಕೆ ಉತ್ತರ ಕೊಡದೆ ಮುಂದೆ ಹೋಗಬಾರದು.

ವಂಶಾವಳಿಯಲ್ಲಿ ಹೆಸರುಗಳು ಬಿಟ್ಟುಹೋಗಿವೆ ಎನ್ನುವವರು ಎರಡನೆಯವರು. ಪ್ರಿನ್ಸ್‌ಟನ್ನಿನ ವಿಲಿಯಂ ಹೆನ್ರಿ ಗ್ರೀನ್ 1890ರಲ್ಲಿ ಇದನ್ನು ವಿವರವಾಗಿ ವಾದಿಸಿದರು. ಕಣ್ಣಿಗೆ ಕಾಣುವ ಸಾಕ್ಷ್ಯವಿದೆ: ಮತ್ತಾಯ 1:8 ಯೋರಾಮನಿಂದ ನೇರ ಉಜ್ಜೀಯನಿಗೆ ಹಾರುತ್ತದೆ, ನಡುವಿನ ಅಹಜ್ಯ, ಯೋವಾಷ, ಅಮಚ್ಯ ಇಲ್ಲ. ಲೂಕ 3:36 ಅರ್ಪಕ್ಷದನಿಗೂ ಶೆಲಹನಿಗೂ ನಡುವೆ ಇನ್ನೊಬ್ಬ ಕೇನಾನನನ್ನು ಹೇಳುತ್ತದೆ, ನಮ್ಮ ಆದಿಕಾಂಡ 11ರಲ್ಲಿ ಅವನಿಲ್ಲ. ಈ ವಾದಕ್ಕೆ ಎರಡು ಮಿತಿ. ಹೆಸರು ಬಿಟ್ಟುಹೋದರೂ "ಇಷ್ಟು ವಯಸ್ಸಿನಲ್ಲಿ ಹುಟ್ಟಿದನು" ಎಂಬ ವರ್ಷ ಅಲ್ಲೇ ಉಳಿಯುತ್ತದಲ್ಲ ಎಂಬ ಪ್ರಶ್ನೆ ಒಂದು. ಇನ್ನೊಂದು, ಇದರಿಂದ ಮನುಷ್ಯನ ಕಾಲ ಹಿಗ್ಗಬಹುದೇ ಹೊರತು ಭೂಮಿಯ 454 ಕೋಟಿ ವರ್ಷ ಇದರಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಆದಿಕಾಂಡ 1ನ್ನೇ ಬೇರೆ ಬಗೆಯಲ್ಲಿ ಓದಬೇಕಾಗುತ್ತದೆ.

ಅಂಥ ಓದುಗಳು ಮುಖ್ಯವಾಗಿ ಮೂರು. 1:1ಕ್ಕೂ 1:2ಕ್ಕೂ ನಡುವೆ ದೀರ್ಘ ಕಾಲ ಸರಿಯಿತು ಎಂಬುದನ್ನು 1814ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಚಾಮರ್ಸ್ ಜನಪ್ರಿಯಗೊಳಿಸಿದರು. ಒಂದೊಂದು ದಿನವೂ ಒಂದೊಂದು ಯುಗ ಎಂಬುದು ಎರಡನೆಯದು. ಅದು ಸಿಕ್ಕಿಹಾಕಿಕೊಳ್ಳುವುದು ಅನುಕ್ರಮದಲ್ಲಿ: ಹಣ್ಣಿನ ಮರ ಮೂರನೇ ದಿನ, ಸೂರ್ಯ ನಾಲ್ಕನೇ ದಿನ, ಪಕ್ಷಿಗಳು ಐದನೇ ದಿನ, ನೆಲದ ಮೃಗಗಳು ಆರನೇ ದಿನ. ಪಳೆಯುಳಿಕೆಗಳ ಸಾಲು ಹೀಗಿಲ್ಲ. ಮೂರನೆಯದು ದಿನಗಳನ್ನು ಕಾಲಕ್ರಮವಾಗಿ ಅಲ್ಲ, ಚೌಕಟ್ಟಾಗಿ ಓದುತ್ತದೆ. ಹಾಳೆಯಲ್ಲಿ 1, 2, 3ನ್ನು ಎಡಕ್ಕೂ 4, 5, 6ನ್ನು ಬಲಕ್ಕೂ ಬರೆಸಿ. ಬೆಳಕಿನ ಎದುರು ಸೂರ್ಯ ಚಂದ್ರ, ನೀರು ಆಕಾಶದ ಎದುರು ಮೀನು ಹಕ್ಕಿ, ಒಣನೆಲದ ಎದುರು ಮೃಗ, ಮನುಷ್ಯ. ನಮ್ಮ ಮಟ್ಟಿಗೆ ಪಠ್ಯಕ್ಕೆ ಅತಿ ಹತ್ತಿರದ ಓದು ಇದೇ. ಸೂರ್ಯನಿಲ್ಲದ ಮೂರು ದಿನಗಳ ಪ್ರಶ್ನೆಯನ್ನು ಮೂರನೇ ಶತಮಾನದಲ್ಲೇ ಓರಿಗೆನ್ ಎತ್ತಿದ್ದರು, ಅಂದರೆ ಇದು ಡಾರ್ವಿನ್‌ಗೆ ಹೆದರಿ ಹುಟ್ಟಿದ ಜಾಣತನವಲ್ಲ.

ಕಲ್ಲಿನ ಕಡೆಯ ಲೆಕ್ಕ

ಇದನ್ನು ಬಿಟ್ಟರೆ ಪಾಠ ಅರ್ಧವಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ತಪ್ಪು, ಬಂಡೆಯ ವಯಸ್ಸನ್ನು ಕಾರ್ಬನ್ 14ರಿಂದ ಅಳೆಯುತ್ತಾರೆ ಎಂಬುದು. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಕ್ಷಯಿಸಿ ಅರ್ಧವಾಗಲು ಹಿಡಿಯುವ ಕಾಲ, 5,730 ವರ್ಷ. ಹತ್ತು ಸಲ ಅರ್ಧ ಮಾಡಿಸಿ ನೋಡಿ, ಉಳಿಯುವುದು 1,024ರಲ್ಲಿ ಒಂದು ಪಾಲು. ಸುಮಾರು 50,000 ವರ್ಷದಾಚೆಗೆ ಅದು ಕೆಲಸಕ್ಕೆ ಬಾರದು. ಬಂಡೆಗೆ ಬಳಸುವುದು ಜಿರ್ಕಾನ್ ಹರಳಿನೊಳಗಿನ ಯುರೇನಿಯಂ, ಅದು ಕ್ಷಯಿಸುತ್ತಾ ಕೊನೆಗೆ ಸೀಸವಾಗುತ್ತದೆ. ಯುರೇನಿಯಂ 238ರ ಅರ್ಧಾಯುಷ್ಯ 447 ಕೋಟಿ ವರ್ಷ, 235ರದು 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ ಬೇರೆ ಬೇರೆ ವೇಗದಲ್ಲಿ ಓಡುತ್ತವೆ, ಎರಡೂ ಒಂದೇ ವಯಸ್ಸು ಹೇಳಿದರೆ ಭರವಸೆ ಇಡಬಹುದು. ಹರಳಿನಿಂದ ಸೀಸ ಸೋರಿದ್ದರೆ ಎರಡೂ ತಾಳೆಯಾಗುವುದಿಲ್ಲ, ಹಾಗಾಗಿ ದೋಷ ತಾನೇ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿರುವ ಗುಂಪಾದರೆ ಲಾಲ್‌ಬಾಗಿನ ಬಂಡೆಗೆ ಕರೆದೊಯ್ಯಿರಿ. ಅದು ಪೆನಿನ್ಸುಲರ್ ನೈಸ್ ಎಂಬ ಬಗೆಯ ಶಿಲೆ, ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಹಿಂದೆ ವಿಕಿರಣ ಕ್ಷಯ ವೇಗವಾಗಿತ್ತು ಎಂಬುದು ಎಳೆ ಭೂಮಿಯ ಪಕ್ಷದ ಉತ್ತರ. ಆದರೆ ಅಷ್ಟು ಕ್ಷಯ ಕೆಲವೇ ಕಾಲದಲ್ಲಿ ನಡೆದರೆ ಹೊರಬೀಳುವ ಶಾಖ ಬಂಡೆಯನ್ನೇ ಕರಗಿಸುತ್ತದೆ. ಆ ಪಕ್ಷದ ಸಂಶೋಧಕರ ತಂಡವೇ 2005ರ ವರದಿಯಲ್ಲಿ ಈ ಸಮಸ್ಯೆ ಬಗೆಹರಿದಿಲ್ಲವೆಂದು ಒಪ್ಪಿಕೊಂಡಿದೆ.

ವಿಕಾಸವಾದದ ಪ್ರಶ್ನೆಯನ್ನು ವಯಸ್ಸಿನ ಪ್ರಶ್ನೆಯೊಂದಿಗೆ ಬೆರೆಸಬೇಡಿ, ಹಳೆಯ ಭೂಮಿ ಒಪ್ಪಿ ವಿಕಾಸ ಒಪ್ಪದ ಕ್ರೈಸ್ತರು ಬಹಳ ಇದ್ದಾರೆ. ಕಥೋಲಿಕ ಸಭೆಯಲ್ಲಿ 1950ರ ಪೋಪ್ ಪತ್ರ ಮನುಷ್ಯ ದೇಹದ ವಿಕಾಸವನ್ನು ಸಂಶೋಧಿಸಿ ಚರ್ಚಿಸಲು ಬಿಟ್ಟಿತು, ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾನೆ ಎಂಬುದನ್ನು ಬಿಡಲಿಲ್ಲ. 1996ರಲ್ಲಿ ಎರಡನೇ ಜಾನ್ ಪಾಲ್, ಈ ಸಿದ್ಧಾಂತ ಬರಿಯ ಊಹೆಗಿಂತ ಮಿಗಿಲಾದದ್ದು ಎಂದರು. ಪ್ರೊಟೆಸ್ಟಂಟರಲ್ಲಿ ಡಾರ್ವಿನ್‌ನ ಕಾಲದಲ್ಲೇ ಹಾರ್ವರ್ಡಿನ ಸಸ್ಯಶಾಸ್ತ್ರಜ್ಞ ಏಸಾ ಗ್ರೇ, ನಮ್ಮ ಕಾಲದಲ್ಲಿ ಮಾನವ ಜೀನೋಮ್ ಯೋಜನೆ ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ವಿಕಾಸವನ್ನು ದೇವರ ಸೃಷ್ಟಿಯ ಬಗೆಯೆಂದೇ ಕಂಡರು.

ಅವರೆಲ್ಲರಿಗೂ ಕಷ್ಟದ ವಚನ ಇರುವುದು ಆದಿಕಾಂಡದಲ್ಲಲ್ಲ, ರೋಮಾಪುರದವರಿಗೆ 5:12ರಲ್ಲಿ: ಒಬ್ಬ ಮನುಷ್ಯನಿಂದ ಪಾಪ, ಪಾಪದಿಂದ ಮರಣ. ಆ ಮರಣ ಪ್ರಾಣಿಗಳಿಗೂ ಸೇರಿದ್ದೋ, ಮನುಷ್ಯನದು ಮಾತ್ರವೋ, ದೇವರಿಂದ ದೂರವಾದ ಆತ್ಮಿಕ ಮರಣವೋ? ಆದಾಮ ಮೊದಲ ಮನುಷ್ಯನೋ, ಹಲವರೊಳಗೆ ದೇವರು ಆರಿಸಿದ ಪ್ರತಿನಿಧಿಯೋ? ಎರಡನೇ ಬೈಠಕ್ಕಿನ ಕೊನೆಯ ಹತ್ತು ನಿಮಿಷದಲ್ಲಿ ಇದನ್ನು ತುರುಕಬೇಡಿ. 1 ಕೊರಿಂಥದವರಿಗೆ 15ನ್ನೂ ಓದಿಕೊಂಡು ಬರಲು ಹೇಳಿ ಮೂರನೆಯ ದಿನ ಗೊತ್ತುಮಾಡಿ, ಸಭಾಪಾಲಕರನ್ನೋ ಗುರುಗಳನ್ನೋ ಆವತ್ತು ತಪ್ಪದೆ ಕರೆಯಿರಿ.